ಒಲೆ ನೋಡುವ ಶಾಸ್ತ್ರ

ಶಿಕಾರಿಪುರ
೧೬ ನವೆಂಬರ್ ೧೯೫೮, ಭಾನುವಾರ ಮಧ್ಯಾಹ್ನ

ಕುಬಟೂರಿನ ಅಣ್ಣನ ಮನೆಯಲ್ಲಿ ಎಂಟು ತಿಂಗಳಿಂದ ಮೌನವ್ರತ ಹಿಡಿದಿರುವ ಚಿ. ಸೌ. ಬಂಗಾರಮ್ಮನಿಗೆ, ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟನಾಗಿ ಇನ್ನೂ ಕೂಗಾಡುತ್ತಲೇ ಇರುವ ನಿನ್ನ ಗಂಡ ಗುತ್ಯಪ್ಪ ಬರೆಯುವುದು.

ಕ್ಷೇಮವೆಂದು ಬರೆಯೋಣವೆಂದರೆ ಕೈ ಓಡುತ್ತಿಲ್ಲ. ಮೂರು ಕಾಗದ ಹಾಕಿದೆ, ಮೂರಕ್ಕೂ ಉತ್ತರವಿಲ್ಲ. ಮೊದಲನೆಯದು ಅಂಚೆಯಲ್ಲಿ ಕಳೆದುಹೋಯಿತು ಅಂದುಕೊಂಡೆ. ಎರಡನೆಯದನ್ನು ನಿಮ್ಮ ಅತ್ತಿಗೆ ತಲುಪಿಸಲಿಲ್ಲ ಅಂದುಕೊಂಡೆ. ಮೂರನೆಯದನ್ನು ನಿಮ್ಮೂರ ಪಕ್ಕದ ಆನವಟ್ಟಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಅವನು ಮರುದಿನ ಬಂದು, ಅಕ್ಕಾವ್ರು ಅಲ್ಲೇ ನಿಂತು ಪೂರಾ ಓದಿದ್ರು, ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಕೊಂಡ್ರು, ಏನೂ ಹೇಳ್ಲಿಲ್ಲ ಅಂದ. ಏನೂ ಹೇಳಲಿಲ್ಲ! ನಾಟಕದ ಡೇರೆಯ ಕೊನೇ ಸಾಲಿನಲ್ಲಿ ತೂಕಡಿಸುವ ಮುದುಕನನ್ನೂ ಬೆಚ್ಚಿಬೀಳಿಸಿ ಎಬ್ಬಿಸಿದ ಗಂಟಲು ಇದು. ಒಬ್ಬ ಹೆಂಡತಿಯ ಬಾಯಿಂದ ಹೂಂ ಅನ್ನಿಸಲಾರದೆ ಹೋಯಿತಲ್ಲ!

ಇರಲಿ. ಇದು ನಾಲ್ಕನೆಯದು. ಇದನ್ನು ನೀನೇ ಓದಿಕೋ, ಯಾರ ಕೈಗೂ ಕೊಡಬೇಡ. ಇದರಲ್ಲಿ ನನ್ನ ಮಾನ ಹೋಗುವ ಸಂಗತಿಗಳಿವೆ.

ಯುಗಾದಿ ಮುಗಿಸಿ ತವರಿಗೆ ಹೊರಟ ದಿನ ಉಡುತಡಿಯ ನಮ್ಮಣ್ಣನ ಮನೆ ಜಗಲಿಯಲ್ಲಿ ನಿಂತು ನೀನು ಏನು ಹೇಳಿದೆ ಅನ್ನುವುದು ನನಗೆ ಅಕ್ಷರ ಅಕ್ಷರ ಬಾಯಿಗೆ ಬರುತ್ತದೆ. ನಿಮ್ಮತ್ತಿಗೆ ಒಲೆ ಮುಂದೆ ಎಂಟು ವರ್ಷ ಸೌದೆ ಮುರಿದು ಕೊಟ್ಟಿದ್ದಾಯ್ತು, ನಂದು ಅಂತ ಒಂದು ಒಲೆ ಆದ ದಿನ ಕಾಗದ ಹಾಕಿ, ಅಲ್ಲೀವರೆಗೂ ನಿಮ್ಮ ನಾಟಕ ನೀವು ಆಡ್ಕೊಂಡಿರಿ ಅಂದೆ. ನಾನು ಆಗ ನಕ್ಕೆ. ನಗಬಾರದಿತ್ತು. ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು, ನಾಲ್ಕು ಜನ ಕೂತಿದ್ದರೆ ನನಗೆ ಅದು ಸಭೆಯ ಹಾಗೆ ಕಾಣುತ್ತದೆ, ಅದು ನನ್ನ ರೋಗ.

ಈಗ ಕೇಳುವಂಥವಳಾಗು. ಒಂದು ಮನೆ ಸಿಕ್ಕಿದೆ! ಸಿಕ್ಕಿದೆ ಅಂದರೆ, ಕೈಗೆ ಸಿಕ್ಕಿ ಕೈ ಜಾರಿ ಮತ್ತೆ ಸಿಕ್ಕಿ ಈಗ ಬೆರಳ ತುದಿಯಲ್ಲಿ ನೇತಾಡುತ್ತಿದೆ. ನಾಲ್ಕು ವಾರದಿಂದ ಈ ಮನೆ ನನ್ನನ್ನು ಹಿಂಡಿ ಹಿಪ್ಪೆ ಮಾಡಿದೆ. ನನ್ನ ಸಿಟ್ಟು, ನನ್ನ ಸಂಕಟ, ಎಲ್ಲಾ ಬರೆಯುತ್ತೇನೆ.

ಮನೆ ಶಿಕಾರಿಪುರದ್ದೇ, ಪೇಟೆಯ ಹಿಂದಿನ ಓಣಿ. ಒಡತಿ ಹುಲಿಯಮ್ಮ, ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಒಬ್ಬಳೇ ಮಗಳು ರಾಜೇಶ್ವರಮ್ಮ, ಸೊರಬಕ್ಕೆ ಕೊಟ್ಟಿದ್ದಾರೆ. ಅಳಿಯ ಎರಡೆಕರೆ ಗದ್ದೆ ಕೊಳ್ಳುತ್ತಾನಂತೆ, ಅದಕ್ಕೆ ಮನೆ ಮಾರಿ ಮಗಳಿಗೆ ಹಣ ಕೊಟ್ಟು ತಾನೂ ಸೊರಬ ಸೇರುತ್ತಾಳೆ ಎಂದು ದಲ್ಲಾಳಿ ಉಜ್ಜಪ್ಪ ಹೇಳಿದ. ಉಜ್ಜಪ್ಪ ಕುರಿ ವ್ಯಾಪಾರದವನು, ನಡುವೆ ಮನೆ ವ್ಯಾಪಾರವನ್ನೂ ಕುದುರಿಸುತ್ತಾನೆ. ಮನೆಯನ್ನೂ ಅವನು ಕುರಿಯ ಹಾಗೆಯೇ ಹೊಗಳುತ್ತಾನೆ. ನೋಡ್ರೀ ಬೆನ್ನು ಹೆಂಗೈತೆ, ಪಕ್ಕೆ ಹೆಂಗೈತೆ ಅಂತ ಗೋಡೆ ತಟ್ಟಿ ತೋರಿಸಿದ.

ಮನೆಯ ವರ್ಣನೆ ಕೇಳು. ಮುಂದೆ ಜಗಲಿ, ಒಳಗೆ ನಡುಮನೆ, ಪಕ್ಕದಲ್ಲಿ ಅಡುಗೆಮನೆ, ಬಚ್ಚಲು, ಹಿತ್ತಲು. ಹಿತ್ತಲಲ್ಲಿ ಬಾವಿ, ಹತ್ತು ಮೊಳಕ್ಕೆ ನೀರು. ಮಾಡಿಗೆ ಹೆಂಚು. ಅಡುಗೆಮನೆಗೆ ಮೂಡಣ ದಿಕ್ಕಿಗೆ ಒಂದು ಕಿಟಕಿ, ಹೊಗೆ ಹೋಗಲು ಮೇಲೆ ಬೆಳಕಿಂಡಿ. ಗೋಡೆಯುದ್ದಕ್ಕೂ ಪಾತ್ರೆ ಡಬ್ಬಿ ಇಡಲು ನಾಗಂದಿಗೆ. ಒಲೆ ಜೋಡಿ ಒಲೆ, ಒಂದು ಕಡೆ ಉರಿ ಹಾಕಿದರೆ ಎರಡೂ ಪಾತ್ರೆ ಕುದಿಯುತ್ತವೆ. ನಾನು ಮೊದಲ ದಿನ ಬೇರೆ ಏನನ್ನೂ ನೋಡಲಿಲ್ಲ, ನೇರ ಹೋಗಿ ಆ ಒಲೆಯ ಮುಂದೆ ನಿಂತೆ. ಅಲ್ಲಿ ನಿನ್ನನ್ನು ಕಂಡೆ ಅಂತ ಬರೆದರೆ ಮತ್ತೆ ಡೈಲಾಗು ಹೊಡೆಯುತ್ತಿದ್ದಾನೆ ಅನ್ನುತ್ತೀಯ. ಬರೆಯುವುದಿಲ್ಲ.

ಹುಲಿಯಮ್ಮ ಹೇಳಿದ ಬೆಲೆ ಇಪ್ಪತ್ತನಾಲ್ಕು ನೂರು. ನನ್ನ ಹತ್ತಿರ ಇದ್ದದ್ದು ನಾನು ಕೂಡಿಟ್ಟ ಹನ್ನೊಂದು ನೂರು, ನನ್ನ ಪಾಲಿನ ಬಾಬ್ತು ಅಣ್ಣ ಕೊಟ್ಟ ಏಳು ನೂರು. ಹದಿನೆಂಟು ನೂರಿನ ಮೇಲೆ ಒಂದು ನಯಾಪೈಸೆ ಇಲ್ಲ. ಈ ಗುಟ್ಟು ಗುಟ್ಟಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಬೆಲೆ ಇಳಿಸಬೇಕಾದರೆ ಮನೆಯ ಊನ ಹುಡುಕಬೇಕು. ಅದಕ್ಕೇ ಒಬ್ಬ ಆಚಾರಿಯನ್ನು ಎರಡು ರೂಪಾಯಿಗೆ ಗೊತ್ತು ಮಾಡಿ ಕರೆದುಕೊಂಡು ಹೋದೆ. ಆಚಾರಿ ಮೊಳಕೋಲು ಹಿಡಿದು ಅಳೆದ. ಬೆರಳು ಮಡಿಚಿ ವಾಸ್ತುವಿನ ಆಯ ಗುಣಿಸಿದ. ಏಣಿ ಹತ್ತಿ ತೊಲೆಗೆ ಸುತ್ತಿಗೆಯಲ್ಲಿ ಬಡಿದು ಕಿವಿಯಿಟ್ಟು ಕೇಳಿದ. ಆಯ ಬಲು ಚೆನ್ನಾಗಿದೆ ಅಂದ. ತೊಲೆ ಮತ್ತಿ ಮರದ್ದು, ಮೊಮ್ಮಕ್ಕಳ ಕಾಲಕ್ಕೂ ಅಲುಗಲ್ಲ ಅಂದ. ಚೌಕಟ್ಟು ಹೊನ್ನೆ, ಕಬ್ಬಿಣಾನೇ ಅಂದ. ನಾನು ಅವನನ್ನು ಜಗಲಿಯ ಕಂಬದ ಹತ್ತಿರ ಎಳೆದು ತಂದು ಗೆದ್ದಲು ತೋರಿಸಿದೆ. ಅದು ಗೆದ್ದಲಲ್ಲ, ಆ ಮರದ ನಾರೇ ಹಾಗೆ ಅಂದ. ನಾನು ಬೆರಳು ಚುಚ್ಚಿದೆ. ಎರಡನೇ ಗೆಣ್ಣಿನವರೆಗೆ ಒಳಗೆ ಹೋಯಿತು. ಆಚಾರಿ ಆಕಾಶ ನೋಡಿದ.

ಅಷ್ಟರಲ್ಲಿ ಹುಲಿಯಮ್ಮ ಕಾಫಿ ತಂದಿಟ್ಟು, ನೀನೇನು ಹೊಸಬನೇನೋ ಆಚಾರಿ, ನಿಮ್ಮಪ್ಪನೇ ಕಟ್ಟಿದ ಮನೆ, ನಿಂಗೊತ್ತಿಲ್ದೇ ಇರೋದು ಇದ್ರಲ್ಲಿ ಏನೈತೆ ಅಂದಳು! ಬಂಗಾರೂ, ನನಗೆ ಜಗಲಿಯೇ ಬಿರಿದಂತಾಯಿತು. ಊರಲ್ಲಿ ಆರು ಜನ ಆಚಾರಿಗಳಿದ್ದಾರೆ. ನಾನು ಹೋಗಿ ಹಿಡಿದದ್ದು ಆ ಮನೆ ಕಟ್ಟಿದವನ ಮಗನನ್ನು! ಅಪ್ಪನ ಕೆಲಸವನ್ನು ಮಗ ನನ್ನ ಎರಡು ರೂಪಾಯಿಗೆ ಬೈಯುತ್ತಾನೆಯೇ? ಮೊದಲೇ ಯಾಕಯ್ಯಾ ಹೇಳಲಿಲ್ಲ ಅಂತ ಗುಡುಗಿದೆ. ನೀವು ಕೇಳ್ಲಿಲ್ಲವಲ್ಲ ಅಂದ. ಹುಲಿಯಮ್ಮ ಮಾತ್ರ ಸಮಾಧಾನವಾಗಿ, ಕಂಬಕ್ಕೆ ಗೆದ್ದಲು ಹತ್ತಿರೋದು ನಂಗೂ ಗೊತ್ತು ತಮ್ಮಾ, ಅದ್ರ ಬಾಬ್ತು ಐವತ್ತು ರೂಪಾಯಿ ಮೊದಲೇ ಕಳೆದು ರೇಟು ಹೇಳಿದ್ದೀನಿ ಅಂದಳು.

ಇನ್ನು ದಸ್ತಾವೇಜು. ಪತ್ರ ಬರೆಯುವವರ ಹತ್ತಿರ ಹೋದೆ. ಖಾತೆ, ಕಂದಾಯದ ರಸೀದಿ, ಚೆಕ್ಕುಬಂದಿ ಎಲ್ಲಾ ನೋಡಿದರು. ಎರಡು ವರ್ಷದ ಹಿಂದೆ ಬಂದ ಕಾಯ್ದೆಯ ಪ್ರಕಾರ ಆಸ್ತಿ ಪೂರ್ತಿ ಹುಲಿಯಮ್ಮನದ್ದೇ, ಆದರೂ ಮುಂದೆ ತಕರಾರು ಬೇಡ, ಮಗಳ ಒಪ್ಪಿಗೆಯ ಸಹಿ ತಂದುಬಿಡಿ ಅಂದರು. ತಂದುಬಿಡಿ! ಅವರ ಬಾಯಿಗೇನು ಸುಲಭ. ಒಂದು ದಿನ ರಜಾ ಹಾಕಿ ಸೊರಬಕ್ಕೆ ಹೋದೆ. ರಾಜೇಶ್ವರಮ್ಮನ ಮನೆ ಎರಡು ಅಂಕಣದ ಮನೆ, ಒಳಗೆ ಐದು ಮಕ್ಕಳು, ಅತ್ತೆ, ಮಾವ, ಒಂದು ತೊಟ್ಟಿಲು. ಅವಳು ಸಹಿ ಹಾಕಿದಳು. ಅಮ್ಮ ಯಾವಾಗ ಬರ್ತಾಳಂತೆ ಅಂತ ಕೇಳಿದಳು. ನನಗೆ ಗೊತ್ತಿಲ್ಲವಮ್ಮಾ ಅಂದೆ. ಅವಳು ತೊಟ್ಟಿಲು ತೂಗುತ್ತಾ, ಬಂದ್ರೆ ಎಲ್ಲಿ ಮಲಗಿಸೋದು ಮಾರಾಯ್ರೆ ಅಂತ ತನ್ನಷ್ಟಕ್ಕೇ ಅಂದಂತೆ ಅಂದಳು. ನಾನು ಸಹಿಯ ಕಾಗದ ಜೇಬಿಗೆ ಹಾಕಿಕೊಂಡು ಬಂದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಆನವಟ್ಟಿ ಬಸ್ಸು ನಿಂತಿತ್ತು. ಹತ್ತಿದ್ದರೆ ಸಂಜೆಯೊಳಗೆ ನಿಮ್ಮೂರಲ್ಲಿ ಇರುತ್ತಿದ್ದೆ. ಏಜೆಂಟು ಆನವಟ್ಟೀ ಆನವಟ್ಟೀ ಅಂತ ನನ್ನ ಮುಖಕ್ಕೇ ಕೂಗಿದ. ಏನು ಗಂಟಲೋ ಅದು, ಸೀನಿದ ಹಾಗಿತ್ತು. ನಾನು ಹತ್ತಲಿಲ್ಲ. ಕೈಯಲ್ಲಿ ಮನೆ ಇಲ್ಲದೆ ನಿನ್ನ ಮುಂದೆ ನಿಂತರೆ ಏನು ಮಾತಾಡಬೇಕು ಅನ್ನುವುದು ತಿಳಿಯಲಿಲ್ಲ. ಮಾತು ತಿಳಿಯದೆ ನಾನು ಯಾವ ರಂಗಕ್ಕೂ ಹೋದವನಲ್ಲ.

ಆಮೇಲೆ ಬಂತು ವ್ಯಾಪಾರದ ದಿನ. ಉಜ್ಜಪ್ಪನ ಪದ್ಧತಿ ಕುರಿ ಸಂತೆಯ ಪದ್ಧತಿ. ಕೈಯ ಮೇಲೆ ಕಂಬಳಿ ಹೊದಿಸುತ್ತಾನೆ. ಒಳಗೆ ಮಾರುವವರ ಬೆರಳು ಹಿಡಿದು ಬೆಲೆ ತಿಳಿಯುತ್ತಾನೆ, ಆಮೇಲೆ ಕೊಳ್ಳುವವರ ಬೆರಳು ಒತ್ತಿ ಹೇಳುತ್ತಾನೆ. ಬೆರಳು ಬೆಲೆ ಮಾತಾಡುತ್ತಿದ್ದರೆ ಬಾಯಿ ಬೇರೆ ಏನಾದರೂ ಮಾತಾಡುತ್ತಿರಬೇಕು, ಮಳೆ, ಬೆಳೆ, ಮಗುವಿನ ಕೆಮ್ಮು. ಸುತ್ತ ನಿಂತವರಿಗೆ ಅಂಕಿ ತಿಳಿಯಬಾರದು, ಅದೇ ಅದರ ಮರ್ಮ. ಉಜ್ಜಪ್ಪ ಮೊದಲೇ ಕೈಮುಗಿದು ಹೇಳಿದ್ದ, ಗುತ್ಯಪ್ಪಾರೇ, ನಿಮ್ಮ ಬಾಯಿಗೊಂದು ಬೀಗ ಹಾಕಿ ಬರ್ರಿ ಅಂತ.

ಹಾಕಿಕೊಂಡೇ ಹೋದೆ. ಜಗಲಿಯಲ್ಲಿ ಕೂತೆವು. ಉಜ್ಜಪ್ಪ, ಈ ಸಲ ಹಿಂಗಾರು ಹೆಂಗೈತ್ರೀ ಅಂತ ಶುರು ಮಾಡಿ ಕಂಬಳಿಯೊಳಗೆ ಹುಲಿಯಮ್ಮನ ಬೆರಳು ಹಿಡಿದ. ಆಮೇಲೆ ನನ್ನ ಬೆರಳು ಒತ್ತಿದ. ಇಪ್ಪತ್ತೆರಡು! ನನ್ನ ಎದೆಯಲ್ಲಿ ಯಾರೋ ಯುದ್ಧದ ಡೋಲು ಬಾರಿಸಿದಂತಾಯಿತು. ಏನು! ಇಪ್ಪತ್ತೆರಡು ನೂರೇ? ನನ್ನ ಪೆಟ್ಟಿಗೆ ಬೋರಲು ಹಾಕಿ ಬಡಿದರೂ ಹದಿನೆಂಟರ ಮೇಲೆ ಬೀಳೋದಿಲ್ಲವಲ್ಲೋ ಉಜ್ಜಪ್ಪಾ! ಅಂತ ಅಂದೆ. ಅಂದೆ ಅಂತ ಬರೆಯುತ್ತೇನೆ, ಉಜ್ಜಪ್ಪನನ್ನು ಕೇಳಿದರೆ ಆರ್ಭಟಿಸಿದೆ ಅನ್ನುತ್ತಾನೆ. ಓಣಿಯ ಆ ಕೊನೆಯ ಬಾವಿಯಲ್ಲಿ ನೀರು ಸೇದುತ್ತಿದ್ದವರು ಹಗ್ಗ ಬಿಟ್ಟು ನೋಡಿದರು. ಉಜ್ಜಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಇನ್ನು ಇದ್ಯಾಕೆ, ಟಾಂ ಟಾಂ ಹೊಡೆಸಿದ್ರೆ ಆಗಿತ್ತು ಅಂತ ಎದ್ದುಹೋದ.

ಮರುದಿನ ಬೆಳಿಗ್ಗೆಯೇ ಪೇಟೆಯ ಬಟ್ಟೆ ಅಂಗಡಿಯವನೊಬ್ಬ ಹುಲಿಯಮ್ಮನ ಜಗಲಿಯಲ್ಲಿ ಕೂತಿದ್ದ. ಗುತ್ಯಪ್ಪನದು ಹದಿನೆಂಟಂತೆ, ನಂದು ಇಪ್ಪತ್ತು, ರೊಕ್ಕ ಈಗಲೇ ಅಂದನಂತೆ. ನನ್ನ ಬಾಯೇ ನನಗೆ ಎದುರಾಳಿಯನ್ನು ಕರೆತಂದಿತು! ಅವತ್ತು ನಾನು ಬಸ್ಸಿಗೂ ಸರಿಯಾಗಿ ಕೂಗಲಿಲ್ಲ. ಶಿವಮೊಗ್ಗದ ಇಬ್ಬರು ಪ್ರಯಾಣಿಕರು ತಿಳಿಯದೆ ಶಿರಾಳಕೊಪ್ಪದ ಬಸ್ಸು ಹತ್ತಿ ಹೋದರು, ಮಾಲೀಕರಿಂದ ಬೈಸಿಕೊಂಡೆ.

ಸಂಜೆ ಹೋಗಿ ಹುಲಿಯಮ್ಮನ ಮುಂದೆ ನಿಂತೆ. ನನ್ನ ಹತ್ರ ಇನ್ನಿಲ್ಲ ತಾಯೀ, ಕೊಟ್ಟರೆ ಕೊಡಿ, ಇಲ್ಲದಿದ್ದರೆ ಈ ಗುತ್ಯಪ್ಪನನ್ನು ಮರೆತುಬಿಡಿ ಅಂದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ, ಅವ್ನು ನನ್ನ ಅಡುಗೆಮನೇಲಿ ಬಟ್ಟೆ ಗಂಟು ಪೇರಿಸ್ತಾನಂತೆ, ಒಲೆ ಒಡೆದು ಹಾಕ್ತಾನಂತೆ ಅಂದಳು. ಸ್ವಲ್ಪ ಹೊತ್ತು ಸುಲಿದಳು. ಆಮೇಲೆ, ನಿಂಗೆ ಹೆಂಡ್ತಿ ಅದಾಳೇನೋ ಅಂತ ಕೇಳಿದಳು. ಇದ್ದಾಳೆ ಅಂದೆ. ಮತ್ತೆ ಇಷ್ಟು ದಿನ ತಲೆಬಾಗಿಲು, ತೊಲೆ, ಕಂಬ ಎಲ್ಲಾ ಗಂಡಸರೇ ಬಂದು ನೋಡಿದ್ರಿ, ಅಡುಗೆಮನೆ ನೋಡೋಕೆ ಅವಳು ಯಾಕೆ ಬಂದಿಲ್ಲ ಅಂದಳು. ನಾನು ಹಿಂದು ಮುಂದು ನೋಡದೆ, ಅವಳ ಅತ್ತಿಗೆಯ ಬಾಣಂತನಕ್ಕೆ ಕುಬಟೂರಿಗೆ ಹೋಗಿದ್ದಾಳೆ ಅಂದುಬಿಟ್ಟೆ. ನಿಮ್ಮ ಅತ್ತಿಗೆಗೆ ನಲವತ್ತೆಂಟು ವರ್ಷ ಅನ್ನುವುದು ಆಮೇಲೆ ನೆನಪಾಯಿತು.

ಹುಲಿಯಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ತೀರ್ಪು ಕೊಟ್ಟಳು. ನನ್ನ ಒಲೆ ಮುಂದೆ ನಾಳೆ ಯಾರು ಕೂರ್ತಾಳೆ ಅಂತ ನಾನು ನೋಡ್ಬೇಕು, ಅವಳು ಬಂದು ನನ್ನೆದುರಿಗೇ ಒಲೆ ಹಚ್ಬೇಕು, ಆಮೇಲೆ ಬೆಲೆ ಮಾತು. ಹೆಣ್ಣು ನೋಡುವ ಶಾಸ್ತ್ರ ಕೇಳಿದ್ದೇನೆ, ಗಂಡಿನ ಮನೆ ನೋಡುವ ಶಾಸ್ತ್ರ ಕೇಳಿದ್ದೇನೆ. ಒಲೆ ನೋಡುವ ಶಾಸ್ತ್ರ ಎಲ್ಲಿಯದು! ಕೊಳ್ಳುವವನು ಮನೆಯ ತಪಾಸಣೆ ಮಾಡಬೇಕೋ, ಮಾರುವವಳು ಕೊಳ್ಳುವವನ ಹೆಂಡತಿಯ ತಪಾಸಣೆ ಮಾಡಬೇಕೋ? ಸಿಟ್ಟಿನಲ್ಲಿ, ಆಗಲಿ, ಹಬ್ಬ ಮುಗಿದ ಗುರುವಾರ ಕರೆತರುತ್ತೇನೆ ಅಂತ ಘೋಷಿಸಿ ಬಂದೆ.

ಬಂದವನೇ ನಿನಗೆ ಮೂರನೆಯ ಕಾಗದ ಬರೆದೆ, ಒಂದೇ ಒಂದು ದಿನದ ಮಟ್ಟಿಗೆ ಬಾ ಅಂತ. ಮನೆಯ ಮಾತು ಅದರಲ್ಲಿ ಬರೆಯಲಿಲ್ಲ, ಆಗದೇ ಹೋದರೆ ಮತ್ತೆ ಸುಳ್ಳುಗಾರನಾಗುತ್ತೇನೆ ಅಂತ. ನೀನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿಕೊಂಡೆ.

ದೀಪಾವಳಿ ಮುಗಿಯಿತು. ಗುರುವಾರ ಹತ್ತಿರ ಬಂತು. ಬಂಗಾರೂ, ಇನ್ನು ಮುಂದಿನದನ್ನು ಓದುವಾಗ ಬೈಯುವುದಾದರೆ ಒಂದೇ ಸಲ ಕೊನೆಯಲ್ಲಿ ಬೈಯಿ.

ಚೌಡಪ್ಪ ಗೊತ್ತಲ್ಲ? ನಮ್ಮ ನಾಟಕ ಕಂಪನಿಯಲ್ಲಿ ಹದಿನೈದು ವರ್ಷ ರಾಣಿ ಪಾರ್ಟು ಮಾಡಿದವನು, ಈಗ ಹಿಟ್ಟಿನ ಗಿರಣಿಯಲ್ಲಿದ್ದಾನೆ. ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವನು ಅತ್ತರೆ ಇಡೀ ಡೇರೆ ಮೂಗು ಒರೆಸಿಕೊಳ್ಳುತ್ತಿತ್ತು. ಅವನ ಹತ್ತಿರ ಹೋದೆ. ಅರ್ಧ ಗಂಟೆಯ ಪಾರ್ಟು, ಮಾತು ಕಡಿಮೆ, ತಲೆ ಮೇಲೆ ಸೆರಗು ಅಂದೆ. ಕಂಪನಿ ಮುಚ್ಚಿದ ಮೇಲೆ ಆಸೆಪಟ್ಟು ಬೆಳೆಸಿದ ಮೀಸೆ ಬೋಳಿಸೋದಕ್ಕೆ ಒಂದು ರೂಪಾಯಿ, ಮೇಲೆ ಎರಡು ತಟ್ಟೆ ಮಂಡಕ್ಕಿ ಮೆಣಸಿನಕಾಯಿ ಅಂದ. ಒಪ್ಪಿದೆ. ನೀನು ಬಿಟ್ಟುಹೋದ ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆ ತೆಗೆದೆ. ಹೌದು, ಅದೇ ಸೀರೆ. ತಡಿ, ಅದರ ವಿಷಯವೂ ಬರುತ್ತದೆ.

ಗುರುವಾರ ಹೋದೆವು. ಹುಲಿಯಮ್ಮ ಒಳಗೆ ಕರೆದಳು. ಚೌಡಪ್ಪ ನನಗಿಂತ ಒಂದು ಗೇಣು ಎತ್ತರ, ಬಾಗಿಲಲ್ಲಿ ಬಗ್ಗಿದ್ದೇನೋ ಲಕ್ಷಣವಾಗಿಯೇ ಬಗ್ಗಿದ. ನಾಗಂದಿಗೆ ನೋಡಿದ, ಕಿಟಕಿ ನೋಡಿದ. ಸುಮ್ಮನಿರೋ ಅಂದಿದ್ದೆ. ಇರಲಿಲ್ಲ. ಸಣ್ಣ ದನಿ ತೆಗೆದು, ಈ ಪಾಕಶಾಲೆಯನ್ನು ಕಂಡು ನನ್ನ ಹೃದಯ ಹಿಗ್ಗುತ್ತಿದೆ ಅಂದುಬಿಟ್ಟ. ಹುಲಿಯಮ್ಮನ ಹುಬ್ಬು ಮೇಲೆ ಹೋಯಿತು. ಸರಿಯಮ್ಮಾ, ಒಲೆ ಹಚ್ಚು ಅಂದಳು.

ಚೌಡಪ್ಪ ಮನೆಯಲ್ಲಿ ಒಲೆ ಹಚ್ಚದವನಲ್ಲ. ಒಂಟಿ ಮನುಷ್ಯ, ದಿನಾ ತಾನೇ ಬೇಯಿಸಿಕೊಳ್ಳುತ್ತಾನೆ. ಆದರೆ ಸೀರೆ ಉಟ್ಟರೆ ಅವನು ಚೌಡಪ್ಪನಲ್ಲ, ಪಾರ್ಟು. ನಾನೂ ಹುಲಿಯಮ್ಮನೂ ಬಾಗಿಲ ಹತ್ತಿರ ನಿಂತಿದ್ದೆವು. ಎಲ್ಲಿ ನೋಡುವವರಿದ್ದಾರೋ ಅದೇ ಸಭೆ, ಸಭೆಗೆ ಬೆನ್ನು ತೋರಿಸಬಾರದು ಅಂತ ಹದಿನೈದು ವರ್ಷ ನಮಗೆ ಮೇಷ್ಟ್ರು ಬಾರಿಸಿ ಬಾರಿಸಿ ಕಲಿಸಿದ್ದು. ಹಾಗಾಗಿ ಆ ಮಹಾರಾಯ ಏನು ಮಾಡಿದ ಗೊತ್ತೇ? ಒಲೆಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತ! ಕೂತು, ಕೈ ಹಿಂದಕ್ಕೆ ಚಾಚಿ ಸೌದೆ ತಡಕಾಡಿದ. ಕಡ್ಡಿ ಗೀರಿ ಹಿಂದಕ್ಕೆ ಎಸೆದ. ಊದುಗೊಳವೆಯನ್ನು ಹೆಗಲ ಮೇಲಿಂದ ಒಲೆಗೆ ಹಿಡಿದು ಕೆನ್ನೆ ಉಬ್ಬಿಸಿ ಊದುತ್ತಾ ಕಣ್ಣು ಮಾತ್ರ ನಮ್ಮ ಮೇಲೆ! ಹೊಗೆ ಎದ್ದಿತು. ಹಣೆಗೆ ಅಂಗೈ ಹಿಂಭಾಗ ಒತ್ತಿ ನಿಟ್ಟುಸಿರು ಬಿಟ್ಟ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಹಾಡುತ್ತಿದ್ದ.

ಹುಲಿಯಮ್ಮ ನನ್ನ ಕಡೆ ತಿರುಗಿ, ನಿನ್ನ ಹೆಂಡ್ತಿಗೂ ಒಲೆಗೂ ಮಾತು ಬಿಟ್ಟಿದೆಯೇನೋ, ಹಿಂಗೆ ಬೆನ್ನು ಹಾಕಿ ಕೂತಾಳೆ ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದೆ ಹೋಗಿ, ಏಳೋ ಅಪ್ಪಾ ಏಳು, ಸೆರಗಿಗೆ ಕಿಡಿ ಬೀಳ್ತಾ ಐತೆ ಅಂತ ಚೌಡಪ್ಪನ ರಟ್ಟೆ ಹಿಡಿದು ಎಬ್ಬಿಸಿದಳು. ಬಿದ್ದೇಬಿಟ್ಟಿತ್ತು. ಸೆರಗಿನ ಅಂಚಿನ ಹತ್ತಿರ ಕಡಲೆಕಾಳಿನಷ್ಟು ತೂತಾಗಿದೆ. ಎರಡು ತೂತು. ದೊಡ್ಡದು ಅವರೆಕಾಳಿನಷ್ಟು. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಬೈದು ಓಡಿಸುತ್ತಾಳೆ ಅಂದುಕೊಂಡೆ. ಅವಳು ಚೌಡಪ್ಪನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ನೀನು ರಾಣಿ ಪಾರ್ಟಿನವನಲ್ವೇನೋ, ನೀನು ಅತ್ತಿದ್ದಕ್ಕೆ ನಾನು ಮೂರು ದಿನ ಸರಿಯಾಗಿ ಉಂಡಿರಲಿಲ್ಲ ಕಣೋ ಅಂದಳು. ಚೌಡಪ್ಪನಿಗೆ ಕಣ್ಣಲ್ಲಿ ನೀರೇ ಬಂತು, ಹೊಗೆಗೋ ಏನೋ. ಮಜ್ಜಿಗೆ ಕೊಟ್ಟಳು. ಅವನು ಕುಡಿದು ಸೀರೆ ಎತ್ತಿ ಕಟ್ಟಿಕೊಂಡು ಗಿರಣಿಗೆ ಹೊತ್ತಾಯಿತು ಅಂತ ಹಿತ್ತಲ ಬಾಗಿಲಿಂದ ಹೋದ. ನಾನು ಉಳಿದೆ.

ನಿಜ ಹೇಳು ಅಂದಳು. ಹೇಳಿದೆ. ನೀನು ಜಗಲಿಯಲ್ಲಿ ನಿಂತು ಹೇಳಿದ್ದು, ನಾನು ನಕ್ಕಿದ್ದು, ಮೂರು ಕಾಗದ, ಎಲ್ಲಾ. ಅವಳು ಕೇಳಿದ್ದು ಒಂದೇ ಪ್ರಶ್ನೆ. ನಿನ್ನ ಹೆಂಡ್ತಿ ಕೈಲಿ ಯಾವ ಅಡುಗೆ ಚೆನ್ನಾಗಿ ಆಗುತ್ತೆ ಅಂತ. ನಾನು ಉತ್ತರ ಕೊಡಲು ಉಸಿರು ಎಳೆದುಕೊಂಡೆ. ಬಂಗಾರೂ, ಎಂಟು ವರ್ಷ ನಾನು ಉಂಡದ್ದೆಲ್ಲ ನಮ್ಮತ್ತಿಗೆಯ ಅಡುಗೆ. ನೀನು ಹಚ್ಚಿ ಕೊಟ್ಟಿರಬಹುದು, ರುಬ್ಬಿ ಕೊಟ್ಟಿರಬಹುದು. ನೀನೇ ಮಾಡಿದ್ದು ಅಂತ ಒಂದು ತುತ್ತು ನನ್ನ ನಾಲಿಗೆಗೆ ಗೊತ್ತಿಲ್ಲ. ಗೊತ್ತಿಲ್ಲ ತಾಯೀ ಅಂದೆ. ಪಕ್ಕದಲ್ಲಿದ್ದವಳಿಗೇ ಅದು ಸರಿಯಾಗಿ ಕೇಳಿಸಲಿಲ್ಲ, ಏನಂದೆ ಅಂತ ಎರಡನೇ ಸಲ ಕೇಳಿದಳು.

ಆಮೇಲೆ ಬೆಲೆ ಮಾತು ಬಂತು. ಕಂಬಳಿ ಇಲ್ಲ, ಉಜ್ಜಪ್ಪ ಇಲ್ಲ. ಹದಿನೆಂಟು ನೂರಕ್ಕೆ ಒಪ್ಪಿದಳು! ಇಪ್ಪತ್ತು ನೂರು ರೊಕ್ಕ ಹಿಡಿದು ನಿಂತ ಬಟ್ಟೆ ಅಂಗಡಿಯವನನ್ನು ಬಿಟ್ಟು ಹದಿನೆಂಟಕ್ಕೆ. ಹೇಗೆ ಇಳಿಯಿತು, ಯಾಕೆ ಇಳಿಯಿತು ಅಂತ ಈಗ ಕೇಳಬೇಡ. ಇಳಿಯಿತು. ನೂರು ರೂಪಾಯಿ ಮುಂಗಡವನ್ನೂ ಕೊಟ್ಟು ಬಂದಿದ್ದೇನೆ. ಆದರೆ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ನಿಜವಾದ ಹೆಂಡತಿ ಬರಲೇಬೇಕು ಅನ್ನುವುದರಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಬರುವ ಗುರುವಾರ, ಇಪ್ಪತ್ತನೇ ತಾರೀಕು, ಕೊನೆಯ ದಿನ. ಬರಲಿಲ್ಲವಾದರೆ ಮುಂಗಡ ವಾಪಸು ಕೊಟ್ಟು ಶುಕ್ರವಾರ ಬಟ್ಟೆ ಅಂಗಡಿಯವನಿಗೆ ಬರೆದುಕೊಡುತ್ತಾಳೆ. ಅವನು ಶನಿವಾರ ಒಲೆ ಒಡೆಯುತ್ತಾನೆ.

ನನಗೆ ಸಾಕಾಗಿದೆ ಬಂಗಾರೂ. ಆಚಾರಿಯ ಹತ್ತಿರ ಸೋತೆ, ಉಜ್ಜಪ್ಪನ ಕಂಬಳಿಯಲ್ಲಿ ಸೋತೆ, ಚೌಡಪ್ಪನ ಸೀರೆಯಲ್ಲಿ ಸೋತೆ. ಯಾವ ನಾಟಕದ ರಾಜನೂ ಒಂದು ಅಡುಗೆಮನೆ ಗೆಲ್ಲಲು ಇಷ್ಟು ಸೋತಿದ್ದಿಲ್ಲ. ಗುರುವಾರ ಬೆಳಿಗ್ಗೆ ಆನವಟ್ಟಿಯಿಂದ ಮೊದಲ ಬಸ್ಸು ಹತ್ತು. ಟಿಕೇಟು ಕೇಳಬೇಡವೆಂದು ಕಂಡಕ್ಟರಿಗೆ ಹೇಳಿದ್ದೇನೆ. ನಾನು ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ನಿನ್ನ ಹೆಸರು ಹಿಡಿದು ಕೂಗುವುದಿಲ್ಲ, ಮಾತು ಕೊಡುತ್ತೇನೆ. ಬಂದು ಒಲೆ ನೋಡು. ನೋಡಿದ ಮೇಲೆ ವಾಪಸು ಹೋಗುತ್ತೇನೆ ಅಂದರೆ ಸಂಜೆಯ ಬಸ್ಸಿಗೆ ನಾನೇ ಕೂರಿಸುತ್ತೇನೆ.

ಎಲ್ಲ ಪಾರ್ಟುಗಳಲ್ಲೂ ಸೋತು, ಗಂಡನ ಪಾರ್ಟು ಒಂದನ್ನು ಇನ್ನೂ ಕಲಿಯುತ್ತಿರುವ,
ಗುತ್ಯಪ್ಪ

ತಾ.ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಮನೆಯ ವರ್ಣನೆ ಬರೆದೆನಲ್ಲ, ಅದರಲ್ಲಿ ಒಂದು ಕೋಣೆ ಬಿಟ್ಟಿದ್ದೇನೆ. ಅಡುಗೆಮನೆಯ ಹಿಂದೆ, ಹಿತ್ತಲಿಗೆ ಬಾಗಿಲಿರುವ ಸಣ್ಣ ಕೋಣೆ. ಹುಲಿಯಮ್ಮ ಸೊರಬಕ್ಕೆ ಹೋಗುವುದಿಲ್ಲ. ಹಣ ಪೂರ್ತಿ ಮಗಳಿಗೆ ಕಳಿಸಿ, ತಾನು ಇರುವಷ್ಟು ದಿನ ಆ ಕೋಣೆಯಲ್ಲಿ ಇರುತ್ತಾಳೆ. ಎರಡು ಹೊತ್ತಿನ ಊಟ ನಮ್ಮ ಒಲೆಯಿಂದ. ಬೆಲೆ ಇಳಿದದ್ದು ಅದಕ್ಕೆ. ಅವಳು ನೋಡಬೇಕಾಗಿರುವುದು ಒಲೆ ಹಚ್ಚುವವಳನ್ನಲ್ಲ, ತನಗೆ ಬಡಿಸುವವಳನ್ನು. ನೀನು ಕೇಳಿದ್ದು ಇನ್ನೊಬ್ಬ ಹೆಂಗಸಿಲ್ಲದ ಅಡುಗೆಮನೆ ಅನ್ನುವುದು ಗೊತ್ತಿದ್ದೂ ನಿನ್ನನ್ನು ಕೇಳದೆ ಹೂಂ ಅಂದು ಬಂದಿದ್ದೇನೆ. ನಿನಗೆ ಒಪ್ಪಿಗೆ ಇಲ್ಲವಾದರೂ ಗುರುವಾರ ಬಾ. ಬಂದು ಆಗುವುದಿಲ್ಲ ಅಂತ ಅವಳ ಮುಖ ನೋಡಿ ನೀನೇ ಹೇಳು. ನನಗೆ ಬಾಯಿ ಬರಲಿಲ್ಲ.